ನಾಯಿಗೊಂದು ಕಲ್ಲು, ಎರಡು ಖಂಡುಗ ಗದ್ದೆ

ಚೆನ್ನೈಗೆ ಬಂದು ಆರು ವರ್ಷವಾಯಿತು. ಊರಿಗೆ ಹೊರಟ ರೈಲು ರಾತ್ರಿ ಅರಕ್ಕೋಣಂನಲ್ಲಿ ನಿಂತಾಗಲೆಲ್ಲ ನನಗೆ ಒಂದು ನಾಯಿಯ ನೆನಪಾಗುತ್ತದೆ.

ಅಲ್ಲಿಂದ ತುಸು ದೂರದಲ್ಲಿ ತಕ್ಕೋಲಂ ಎಂಬ ಊರಿದೆ. ಕ್ರಿ.ಶ. 949ರಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣ ಚೋಳರನ್ನು ಸೋಲಿಸಿದ್ದು ಅಲ್ಲೇ. ಅವನ ಪರವಾಗಿ ಹೋರಾಡಿದ ಗಂಗರ ಇಮ್ಮಡಿ ಬೂತುಗನ ಕೈಯಲ್ಲಿ ಚೋಳ ರಾಜಕುಮಾರ ರಾಜಾದಿತ್ಯ ಮಡಿದ. ಬೂತುಗನ ಬಂಟ ಮಣಲೇರನೂ ಆ ಯುದ್ಧದಲ್ಲಿದ್ದ. ಅವನ ಶೌರ್ಯಕ್ಕೆ ಮೆಚ್ಚಿದ ಒಡೆಯ, ಬೇಕಾದ್ದನ್ನು ಕೇಳು ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು!

ಮುಂದೊಂದು ದಿನ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ಕಾದಾಡಿ ಎರಡೂ ಸತ್ತವು. ಮದ್ದೂರು ತಾಲ್ಲೂಕಿನ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಾಳಿಗಾಗಿ ಕಲ್ಲು ನಿಲ್ಲಿಸಿ, ಕೆರೆಯ ಕೆಳಗೆ ಎರಡು ಖಂಡುಗ ಗದ್ದೆ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ತಟ್ಟುತ್ತದೆ ಎಂದು ಅಲ್ಲಿನ ಗೊರವನಿಗೆ ಕಟ್ಟಪ್ಪಣೆಯನ್ನೂ ಬರೆಸಿದರು. ನಾಯಿ, ಹಂದಿ ಸೆಣಸುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲಂ ಕದನದ ಬಗ್ಗೆ ಬರೆಯುವ ಇತಿಹಾಸಕಾರರೆಲ್ಲ ಈ ನಾಯಿಯ ಕಲ್ಲನ್ನು ಓದಲೇಬೇಕು. ದೊರೆಗಳ ಗೆಲುವಿನ ಸುದ್ದಿಯೂ ಅದರಲ್ಲೇ ಇದೆ.

ನಮ್ಮದೂ ಮದ್ದೂರು ಕಡೆಯ ಹಳ್ಳಿ. ಶಾಲೆಯಲ್ಲಿದ್ದಾಗ ಈ ಕಥೆ ಕೇಳಿ ನಕ್ಕಿದ್ದೆ. ನಾಯಿಗೆ ಯಾರಾದರೂ ಗದ್ದೆ ಬಿಡುತ್ತಾರೆಯೇ?

ಹೋದ ವರ್ಷ ನಮ್ಮ ಮನೆಯ ಕರಿಯ ಸತ್ತ. ನಾನು ಎಂ.ಟೆಕ್. ಓದುವಾಗ ಮರಿಯಾಗಿ ತಂದಿದ್ದ ನಾಯಿ. ಎರಡು ದಿನ ಕಳೆದ ಮೇಲೆ ಅಪ್ಪ ಹೇಳಿದರು: “ನೀನು ಮೀಟಿಂಗಲ್ಲಿರ್ತೀಯ ಅಂತ ಫೋನ್ ಮಾಡ್ಲಿಲ್ಲ ಕಣಪ್ಪ.” ಹೌದು, ಮೀಟಿಂಗಿನಲ್ಲೇ ಇದ್ದೆ. ಯಾವ ಮೀಟಿಂಗ್ ಎಂಬುದು ಈಗ ನೆನಪಿಲ್ಲ.

ಹಬ್ಬಕ್ಕೆ ಹೋದಾಗ ತೋಟದಲ್ಲಿ ತೆಂಗಿನ ಮರದ ಬುಡಕ್ಕೆ ಕರೆದುಕೊಂಡು ಹೋದರು. ಮಣ್ಣಿನ ಮೇಲೆ ಒಂದು ಸೈಜುಗಲ್ಲು ಇಟ್ಟಿದ್ದರು.

“ಇದ್ಯಾಕಪ್ಪ?” ಎಂದೆ.

“ಉಳುವಾಗ ಟಿಲ್ಲರ್ ಹಾಯ್ಬಾರದಲ್ಲ” ಎಂದರು.

ಆ ಕಲ್ಲಿನ ಮೇಲೆ ಅಕ್ಷರವಿಲ್ಲ. ಆದರೆ ಅದರ ಸುತ್ತಲಿನ ಒಂದು ಮೊಳ ಜಾಗವನ್ನು ಅಪ್ಪ ಇವತ್ತಿಗೂ ಉತ್ತಿಲ್ಲ.