ಅಗ್ಗದ ಸ್ಪೋರ್ಟ್ಸ್ ಕಾರಿಗೆ ಅಡ್ವಾನ್ಸ್ ಕೊಡುವ ಮುನ್ನ...

ರಾತ್ರಿ ಊಟ ಮುಗಿಸಿ ಪಾತ್ರೆ ಎತ್ತಿಡುತ್ತಿದ್ದೆ. ನಮ್ಮ ಯಜಮಾನರು ಮೊಬೈಲ್ ಹಿಡಿದುಕೊಂಡು ಅಡುಗೆಮನೆಗೇ ಬಂದರು. ‘ನೋಡೇ ಇಲ್ಲಿ, 11 ಲಕ್ಷಕ್ಕೆ ಸಿಗ್ತಾ ಇದೆ!’ ಅದೊಂದು ಕೆಂಪು ಬಣ್ಣದ, ಎರಡೇ ಬಾಗಿಲಿನ, ಗುಂಡಿ ಒತ್ತಿದರೆ ಮೇಲ್ಛಾವಣಿ ಮಡಚಿಕೊಳ್ಳುವ ವಿದೇಶಿ ಕಾರು. 2013ರ ಮಾಡೆಲ್. ಹೊಸದಾಗಿದ್ದಾಗ ಅದರ ಬೆಲೆ 60 ಲಕ್ಷಕ್ಕೂ ಮೇಲಿತ್ತಂತೆ.

‘ಸೀಟು ಎಷ್ಟಿದೆ ರೀ?’ ಅಂದೆ. ‘ಎರಡು.’ ನಮ್ಮ ಮನೆಯಲ್ಲಿ ಅತ್ತೆಯೂ ಸೇರಿ ಐದು ಜನ!

ನಗಬೇಡಿ. ಇವರಿಗೆ ಇದು ಹಳೇ ಕನಸು. ಕಾಲೇಜಿನಲ್ಲಿದ್ದಾಗ, ಗೋವಾದಲ್ಲಿ ತಯಾರಾಗುತ್ತಿದ್ದ ಸ್ಯಾನ್ ಸ್ಟಾರ್ಮ್ ಎಂಬ ಪುಟ್ಟ ಎರಡು ಸೀಟಿನ ಕಾರನ್ನು ನೋಡಿ ಮರುಳಾದವರು. ಇಪ್ಪತ್ತು ವರ್ಷ ಸಂಸಾರದ ನೊಗ ಎಳೆದ ಮನುಷ್ಯ ಒಂದು ಆಸೆಪಟ್ಟರೆ ಬೇಡ ಅನ್ನೋದಕ್ಕೆ ನನಗೂ ಮನಸ್ಸು ಬರಲಿಲ್ಲ. ಆದರೆ ಹಣ ಬರಬೇಕಾಗಿದ್ದು ಪಿಯುಸಿ ಓದುತ್ತಿರುವ ಮಗಳ ಹೆಸರಿನ ಎಫ್‌ಡಿಯಿಂದ. ‘ಒಂದು ವರ್ಷ ಓಡಿಸಿ 14 ಲಕ್ಷಕ್ಕೆ ಮಾರೋಣ, ಅವಳ ದುಡ್ಡು ಬೆಳೆದೇ ಬರುತ್ತೆ’ ಎಂಬುದು ಇವರ ಲೆಕ್ಕ. ಅಷ್ಟೇ ಅಲ್ಲ, ‘ಬೇರೆಯವರು ಕಾಯ್ತಿದ್ದಾರೆ’ ಎಂದು ಮಾರುವವನು ಹೇಳಿದ್ದಕ್ಕೆ ಕಾರಿನ ಮುಖವನ್ನೂ ನೋಡದೆ 10,000 ರೂಪಾಯಿ ಕಳಿಸಿಯೂ ಆಗಿತ್ತು!

ನಿಮ್ಮ ಮನೆಯಲ್ಲೂ ಇಂಥ ಪ್ರಸಂಗ ಬರಬಹುದು. ಸ್ಪೋರ್ಟ್ಸ್ ಕಾರೇ ಆಗಬೇಕೆಂದಿಲ್ಲ, ದೊಡ್ಡ ಹೆಸರಿನ ಯಾವ ಹಳೇ ಕಾರಾದರೂ ಕಥೆ ಇದೇ. ‘ನಮಗೆ ಕಾರಿನ ವಿಷಯ ಏನು ಗೊತ್ತು’ ಎಂದು ಸುಮ್ಮನಾಗಬೇಡಿ. ನೋಡಬೇಕಾದ್ದರಲ್ಲಿ ಅರ್ಧಕ್ಕೆ ಕಣ್ಣು, ಮೂಗು ಇದ್ದರೆ ಸಾಕು.

ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ: ಇಷ್ಟು ಕಡಿಮೆ ಯಾಕೆ? ಅದೇ ವರ್ಷದ, ಅದೇ ಮಾಡೆಲ್‌ನ ಬೇರೆ ಕಾರುಗಳಿಗೆ ಎಷ್ಟು ಹೇಳುತ್ತಿದ್ದಾರೆ ಅಂತ ನಾನೂ ಹುಡುಕಿದೆ. 17-18 ಲಕ್ಷಕ್ಕೆ ಕಡಿಮೆ ಒಂದೂ ಇರಲಿಲ್ಲ. ಆರೇಳು ಲಕ್ಷ ಬಿಟ್ಟುಕೊಡುವಷ್ಟು ಧಾರಾಳಿ ಈ ಊರಿನಲ್ಲಿ ಯಾರಿದ್ದಾರೆ ಹೇಳಿ? ನಂಬರ್ ಪ್ಲೇಟ್ ನೋಡಿದೆ. ತಮಿಳುನಾಡಿನದು.

ಹೊರರಾಜ್ಯದ ಕಾರೆಂದರೆ ಖರ್ಚು ಬೇರೆಯೇ ಇದೆ. ಅಲ್ಲಿನ ಆರ್‌ಟಿಒದಿಂದ ಎನ್ಒಸಿ ತರಬೇಕು, ಇಲ್ಲಿ ಮರುನೋಂದಣಿ ಮಾಡಿಸಬೇಕು, ಜೀವಾವಧಿ ತೆರಿಗೆ ಕಟ್ಟಬೇಕು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಈ ತೆರಿಗೆಯ ದರ ಶೇ 18, ಅದರ ಮೇಲೆ ಸೆಸ್. ಕಾರಿನ ವಯಸ್ಸಿಗೆ ತಕ್ಕಂತೆ ಕಡಿತ ಸಿಗುತ್ತದೆ ನಿಜ. ಆದರೆ ಲೆಕ್ಕ ಹಾಕುವುದು ನೀವು ಕೊಟ್ಟ 11 ಲಕ್ಷದ ಮೇಲಲ್ಲ, ಕಾರು ಹೊಸದಾಗಿದ್ದಾಗಿನ ಬೆಲೆಯ ಮೇಲೆ. ಕೆಲವು ಲಕ್ಷ ಅಲ್ಲೇ ಹೋಯಿತು. ಇದನ್ನು ಹೇಳಿದಾಗ ಇವರ ಮುಖ ಸ್ವಲ್ಪ ಇಳಿಯಿತು.

ಭಾನುವಾರ ಬೆಳಿಗ್ಗೆ ನೋಡಲು ಹೋದೆವು. ಬೆಳಕಿದ್ದಾಗಲೇ ಹೋಗಬೇಕು, ಮಳೆ ಬರುವಾಗ ಬೇಡ. ನೀರಿನ ಹೊಳಪಿನಲ್ಲಿ ಬಣ್ಣದ ವ್ಯತ್ಯಾಸ ಗೊತ್ತಾಗುವುದಿಲ್ಲ. ಹೋದ ತಕ್ಷಣ ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದಾರೆ ಅಂತ ಅರ್ಥ. ಇಂಜಿನ್ ತಣ್ಣಗಿದ್ದಾಗಲೇ ಅದರ ನಿಜವಾದ ಸದ್ದು, ಹೊಗೆ ಗೊತ್ತಾಗೋದು. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಒಳಗೆ ಮಜ್ಜಿಗೆಯಂಥ ನೊರೆ ಅಂಟಿದ್ದರೂ ಅದೇ ಅನುಮಾನ ಪಡಬೇಕು.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ನಾಲ್ಕು ಟೈರೂ ನಾಲ್ಕು ಕಂಪನಿಯವಾದರೆ ಮಾಲೀಕರು ಕಾರನ್ನು ಹೇಗೆ ಸಾಕಿದ್ದಾರೆ ಅಂತ ತಿಳಿಯುತ್ತದೆ. ಮೀಟರ್ ಮೂವತ್ತು ಸಾವಿರ ಕಿಲೋಮೀಟರ್ ತೋರಿಸುತ್ತಿದ್ದು, ಬ್ರೇಕ್ ಪೆಡಲಿನ ರಬ್ಬರ್ ಸವೆದು ಸ್ಟೀರಿಂಗ್ ಚರ್ಮ ಕನ್ನಡಿಯಂತೆ ಮಿನುಗುತ್ತಿದ್ದರೆ ಮೀಟರನ್ನು ನಂಬಬೇಡಿ. ಆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಹಳೇ ದಾಖಲೆ ತೆಗೆಸಲು ಮಾರುವವರನ್ನೇ ಕೇಳಿ. ಪ್ರತಿ ಸರ್ವಿಸಿನಲ್ಲಿ ಬರೆದ ಕಿಲೋಮೀಟರ್ ಅದರಲ್ಲಿರುತ್ತದೆ.

ನಾವು ನೋಡಿದ ಕಾರು ಹೊರಗಿನಿಂದ ಮದುವಣಗಿತ್ತಿ ಹಾಗಿತ್ತು. ಸುಳ್ಳು ಯಾಕೆ ಹೇಳಲಿ, ನನಗೂ ಒಂದು ಕ್ಷಣ ಆಸೆಯಾಯಿತು. ಬಾಗಿಲು ತೆಗೆದರೆ ಘಮ್ಮೆನ್ನುವ ಸೆಂಟು. ಆ ಘಾಟಿನ ಹಿಂದೆ ಇನ್ನೇನೋ ವಾಸನೆ. ಮಳೆಗಾಲದಲ್ಲಿ ಬೀರುವಿನೊಳಗೆ ಉಳಿದ ಒದ್ದೆ ಬಟ್ಟೆಯ ಮುಗ್ಗಲು ನಮಗೆ ಗೊತ್ತಿಲ್ಲವೇ? ನಮ್ಮ ಜೊತೆ ಬಂದಿದ್ದ ಮೆಕ್ಯಾನಿಕ್ ಏನೂ ಮಾತಾಡದೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದರು. ಅರ್ಧದವರೆಗೆ ಕಪ್ಪಗೆ ಚೆನ್ನಾಗಿತ್ತು. ಕೊನೆಯ ಒಂದೂವರೆ ಅಡಿಯಲ್ಲಿ ಒಣಗಿದ ಕೆಸರಿನ ಗೆರೆ! ಸೀಟಿನ ಕೆಳಗಿನ ಹಳಿಗೆ ಟಾರ್ಚ್ ಹಾಕಿದರೆ ತುಕ್ಕು.

ಚೆನ್ನೈನಲ್ಲಿ 2015ರ ಡಿಸೆಂಬರ್‌ನಲ್ಲಿ ಬಂದ ನೆರೆ ನಿಮಗೆ ನೆನಪಿರಬಹುದು. ದೂರದ ಮಾತೇಕೆ, 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಬೆಳ್ಳಂದೂರು ಕಡೆಯೂ ದುಬಾರಿ ಕಾರುಗಳು ತೇಲುತ್ತಿದ್ದುದನ್ನು ಟಿವಿಯಲ್ಲಿ ನೋಡಿದ್ದೇವೆ. ರಿಪೇರಿ ಖರ್ಚು ವಿಮೆಯ ಮೌಲ್ಯದ ಶೇ 75 ದಾಟಿದರೆ ವಿಮಾ ಕಂಪನಿ ಅದನ್ನು ಪೂರ್ಣ ನಷ್ಟ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕಾರು ಗುಜರಿ ಬೆಲೆಗೆ ಹರಾಜಾಗುತ್ತದೆ. ಅಂಥ ಕೆಲವನ್ನು ತೊಳೆದು ಒಣಗಿಸಿ ಮತ್ತೆ ರಸ್ತೆಗೆ ಬಿಡುತ್ತಾರೆ. ಸ್ಪೋರ್ಟ್ಸ್ ಕಾರು ನೆಲಕ್ಕೆ ಹತ್ತಿರ ಇರುವುದರಿಂದ ನೀರು ಬೇಗ ಒಳಗೆ ನುಗ್ಗುತ್ತದೆ. ವೈರಿಂಗಿಗೆ ಒಮ್ಮೆ ನೀರು ಹೋದರೆ ಇವತ್ತು ದೀಪ, ನಾಳೆ ಏರ್‌ಬ್ಯಾಗ್, ನಾಡಿದ್ದು ಮತ್ತೊಂದು ಕೈಕೊಡುತ್ತದೆ. ಹಾಗಾಗಿ ಹಳೆಯ ಎಲ್ಲ ವರ್ಷಗಳ ವಿಮೆ ಕಾಗದ ಕೇಳಿ, ಕ್ಲೇಮ್ ಆಗಿದೆಯೇ ಅಂತ ವಿಚಾರಿಸಿ. ನಾವು ಕೇಳಿದಾಗ ‘ಮನೆ ಶಿಫ್ಟ್ ಮಾಡುವಾಗ ಕಳೆದುಹೋಯ್ತು ಮೇಡಂ’ ಎಂಬ ಉತ್ತರ ಬಂತು.

ಕಾಗದದ ವಿಷಯದಲ್ಲಿ ಇನ್ನೂ ಎರಡು ಮಾತು. ಆರ್‌ಸಿಯಲ್ಲಿರುವ ಚಾಸಿಸ್ ನಂಬರ್, ಇಂಜಿನ್ ನಂಬರನ್ನು ಕಾರಿನ ಮೇಲೆ ಕೆತ್ತಿದ್ದರ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಸಾಲ ಇದ್ದಿದ್ದರೆ ಬ್ಯಾಂಕಿನ ಹೆಸರು ಆರ್‌ಸಿಯಿಂದ ತೆಗೆಸಿರಬೇಕು. ಇಂಥ ಕಾರುಗಳಿಗೆ ಹುಡುಗರು ಸೈಲೆನ್ಸರ್ ಬದಲಾಯಿಸಿ, ಇನ್ನೇನೇನೋ ಮಾಡಿಸಿರುತ್ತಾರೆ. ಕಂಪನಿ ಕೊಟ್ಟ ಮೂಲ ಸ್ವರೂಪ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ನಾಳೆ ಅಪಘಾತವಾದರೆ ವಿಮೆಯವರೂ ತಕರಾರು ತೆಗೆಯಬಹುದು.

ಕಾರು ಒಳ್ಳೆಯದೇ ಇತ್ತು ಅಂದುಕೊಳ್ಳಿ. ಆಗಲೂ ಒಂದು ಲೆಕ್ಕ ಬಾಕಿ ಇದೆ. 60 ಲಕ್ಷದ ಕಾರು 11 ಲಕ್ಷಕ್ಕೆ ಇಳಿದಿರಬಹುದು, ಅದರ ಬಿಡಿಭಾಗಗಳ ಬೆಲೆ ಇಳಿದಿರುವುದಿಲ್ಲ. ನಮ್ಮ ಮೆಕ್ಯಾನಿಕ್ ಅಲ್ಲೇ ಒಂದು ಚೀಟಿಯ ಹಿಂದೆ ಬರೆದುಕೊಟ್ಟರು: ಟೈರು, ಬ್ರೇಕ್, ಗೇರ್‌ಬಾಕ್ಸ್ ಆಯಿಲ್, ಛಾವಣಿ ಮಡಚುವ ಹೈಡ್ರಾಲಿಕ್ ಪಂಪ್, ವೈರಿಂಗ್. ಮೊದಲ ವರ್ಷವೇ ನಾಲ್ಕೂವರೆ ಲಕ್ಷ. ತೆರಿಗೆ, ವಿಮೆ ಬೇರೆ. ಅಂಥದ್ದೊಂದು ಚೀಟಿ ಬರೆಸಿಕೊಳ್ಳದೆ ಬೆಲೆ ಮಾತಾಡಬೇಡಿ. ಪರಿಚಿತ ಮೆಕ್ಯಾನಿಕ್‌ಗೆ ಒಂದೆರಡು ಸಾವಿರ ಕೊಟ್ಟರೂ ನಷ್ಟವಿಲ್ಲ. ಆದರೆ ಅವರನ್ನು ಮಾರುವವರು ಕರೆತಂದಿರಬಾರದು, ನೀವೇ ಕರೆದೊಯ್ಯಬೇಕು.

ಇವರು ಆ ಚೀಟಿಯನ್ನು ಎರಡು ಸಲ ಓದಿ ಜೇಬಿಗೆ ಹಾಕಿಕೊಂಡರು. ಮನೆಗೆ ಬರುವವರೆಗೂ ಮಾತಿಲ್ಲ. ಎರಡು ವಾರ ಮುಖ ಊದಿಸಿಕೊಂಡಿದ್ದರು, ಅದನ್ನೂ ಹೇಳಿಬಿಡುತ್ತೇನೆ. ಎಫ್‌ಡಿ ಇದ್ದಲ್ಲೇ ಇದೆ.

ಇನ್ನು ಆ 10,000 ರೂಪಾಯಿ. ಅಡ್ವಾನ್ಸ್ ಕೊಡಲೇಬೇಕಾದರೆ ‘ಪರೀಕ್ಷೆಯಲ್ಲಿ ದೋಷ ಕಂಡುಬಂದರೆ ಇಷ್ಟು ದಿನದಲ್ಲಿ ಪೂರ್ತಿ ಹಿಂದಿರುಗಿಸುತ್ತೇನೆ’ ಎಂದು ಕಾರಿನ ನಂಬರ್ ಸಮೇತ ಬರೆಸಿ ಸಹಿ ಮಾಡಿಸಿಕೊಳ್ಳಿ. ನಾವು ಬರೆಸಿಕೊಂಡಿರಲಿಲ್ಲ. ಫೋನ್ ಮಾಡಿದಾಗಲೆಲ್ಲ ‘ಸೋಮವಾರ ಹಾಕ್ತೀನಿ ಸರ್’ ಅನ್ನುತ್ತಾನೆ. ಎಂಟು ಸೋಮವಾರ ಕಳೆದಿವೆ.