ಕವಾಟದ ಸಂದು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಮೋಟಾರ್ ಸೈಕಲ್ಲುಗಳು ಎರಡು ಸ್ಟ್ರೋಕಿನವು. ಟ್ಯಾಪೆಟ್ ಸರಿಪಡಿಸುವ ಪ್ರಮೇಯವೇ ಅವಕ್ಕಿರಲಿಲ್ಲ. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಇಂದು ಹೈದರಾಬಾದಿನ ಬೀದಿಗಳಲ್ಲಿ ನಾವು ಕಾಣುವ ಪೆಟ್ರೋಲ್ ಬೈಕುಗಳು ಬಹುಮಟ್ಟಿಗೆ ನಾಲ್ಕು ಸ್ಟ್ರೋಕಿನವು.

ಇವುಗಳಲ್ಲಿ ಒಂದು ಕವಾಟ ಇಂಧನಮಿಶ್ರಿತ ಗಾಳಿಯನ್ನು ಒಳಬಿಡುತ್ತದೆ, ಇನ್ನೊಂದು ಹೊಗೆಯನ್ನು ಹೊರದೂಡುತ್ತದೆ. ಕವಾಟದ ಕಾಂಡವನ್ನು ಒತ್ತುವ ತೋಳಿಗೆ ರಾಕರ್ ಎಂದು ಹೆಸರು. ಕಾದ ಲೋಹ ಹಿಗ್ಗುವುದರಿಂದ ಇವೆರಡರ ನಡುವೆ ಕಿರಿದಾದ ಸಂದು ಬೇಕು. ಅದು ಹೆಚ್ಚಾದರೆ 'ಟಿಕ್ ಟಿಕ್' ಸದ್ದು ಕೇಳುತ್ತದೆ. ಕಡಮೆಯಾದರೆ ಸದ್ದೇನೂ ಇಲ್ಲ. ಆದರೆ ಕವಾಟ ಪೂರ್ತಿ ಮುಚ್ಚದೆ, ತನ್ನ ಶಾಖವನ್ನು ಪೀಠಕ್ಕೆ ದಾಟಿಸಲಾರದೆ, ಅಂಚು ಸುಟ್ಟುಹೋಗುತ್ತದೆ. ಮೌನವಾದ ಈ ದೋಷವೇ ಹೆಚ್ಚು ಹಾನಿಕರ.

ಪರೀಕ್ಷೆಗೆ ಎಂಜಿನ್ ಪೂರ್ತಿ ತಣಿದಿರಬೇಕು. ನಮ್ಮೂರಿನ ಬೇಸಗೆಯಲ್ಲಿ ಮುಂಜಾವವೇ ತಕ್ಕ ಹೊತ್ತು. ಸ್ಪಾರ್ಕ್ ಪ್ಲಗ್ಗನ್ನೂ ಕವಾಟದ ಮುಚ್ಚಳಗಳನ್ನೂ ಬಿಚ್ಚಿ, 'ಟಿ' ಗುರುತು ಕೂಡುವವರೆಗೆ ಎಂಜಿನ್ನನ್ನು ಕೈಯಿಂದ ತಿರುಗಿಸಬೇಕು. ಆಗ ಎರಡು ರಾಕರುಗಳೂ ಸಡಿಲವಾಗಿರಬೇಕು; ಇಲ್ಲವಾದರೆ ಇನ್ನೊಂದು ಪೂರ್ಣ ಸುತ್ತು. ಬಳಿಕ ಕೈಪಿಡಿ ಹೇಳುವ ದಪ್ಪದ ಫೀಲರ್ ಗೇಜ್ ಪಟ್ಟಿಯನ್ನು ಸಂದಿಗೆ ತೂರಿಸಬೇಕು. ಹಲವು ಚಿಕ್ಕ ಬೈಕುಗಳಲ್ಲಿ ಅದು 0.05ರಿಂದ 0.10 ಮಿ.ಮೀ., ಎಂದರೆ ಬರೆಯುವ ಹಾಳೆಗಿಂತ ದಪ್ಪವಲ್ಲ! ಪಟ್ಟಿ ತುಸು ಹಿಡಿದಂತೆ ಜಾರಿದರೆ ಸಂದು ಸರಿಯಾಗಿದೆ. ಇಲ್ಲವಾದರೆ ನಟ್ಟನ್ನು ಸಡಿಲಿಸಿ, ತಿರುಪನ್ನು ತಿರುಗಿಸಿ ಸರಿಪಡಿಸಿ, ತಿರುಪು ಕದಲದಂತೆ ಹಿಡಿದು ನಟ್ಟನ್ನು ಬಿಗಿಯಬೇಕು. ಬಿಗಿಯುವಾಗ ಸಂದು ಬದಲಾಗಬಹುದಾದ್ದರಿಂದ ಮತ್ತೊಮ್ಮೆ ಅಳೆಯುವುದು ಅಗತ್ಯ.

ಕಿರಿಯರಾದ ನಾವು ಇದನ್ನು ಹಿರಿಯರ ಸಮ್ಮುಖದಲ್ಲಿಯೇ ಕಲಿಯೋಣ. ಕಿವಿಯನ್ನಲ್ಲ, ಅಳತೆಯನ್ನು ನಂಬೋಣ.