ಅರ್ಧ ಗಂಟೆ ಒಲೆ, ಒಂದು ರಾತ್ರಿ ಫ್ರಿಜ್: ಇಪ್ಪತ್ತು ಜನರಿಗೆ ಬಿಸ್ಕತ್ ಪುಡ್ಡಿಂಗ್

ನಾಮಕರಣ, ಹುಟ್ಟುಹಬ್ಬ, ಗೃಹಪ್ರವೇಶ ಎಂದು ಮನೆಗೆ ಹದಿನೈದಿಪ್ಪತ್ತು ಜನ ಬರುವ ದಿನ ಒಲೆಗೆ ಬಿಡುವಿರುವುದಿಲ್ಲ. ಒಂದು ಕಡೆ ಸಾರು, ಇನ್ನೊಂದು ಕಡೆ ಪಲ್ಯ, ನಡುವೆ ಬಂದವರಿಗೆಲ್ಲ ಕಾಫಿ. ಇದರ ಜೊತೆಗೆ ಸಿಹಿಯನ್ನೂ ಆಗಲೇ ಮಾಡಬೇಕೆಂದರೆ ಮನೆಯವರಿಗೆ ನೆಂಟರ ಜೊತೆ ಕೂತು ಮಾತಾಡಲು ಹೊತ್ತೇ ಸಿಗದು. ಹಿಂದಿನ ರಾತ್ರಿಯೇ ಮಾಡಿಟ್ಟರೆ ಹೆಚ್ಚು ರುಚಿಯಾಗುವ ಸಿಹಿ ಬಿಸ್ಕತ್ ಪುಡ್ಡಿಂಗ್. ಇದಕ್ಕೆ ಓವನ್ ಬೇಡ, ಮೊಟ್ಟೆ ಬೇಡ, ಪಾಕದ ಎಳೆ ನೋಡುವ ಕೆಲಸವೂ ಇಲ್ಲ.

ಏನಿದು?

ಒಂದು ಪದರ ಬಿಸ್ಕತ್, ಅದರ ಮೇಲೆ ಒಂದು ಪದರ ಕಸ್ಟರ್ಡ್, ಮತ್ತೆ ಬಿಸ್ಕತ್, ಮತ್ತೆ ಕಸ್ಟರ್ಡ್. ಹೀಗೆ ಮೂರು ಸಲ. ಕಸ್ಟರ್ಡ್ ಎಂದರೆ ಹಾಲಿಗೆ ಕಸ್ಟರ್ಡ್ ಪುಡಿ ಮತ್ತು ಸಕ್ಕರೆ ಹಾಕಿ ಕುದಿಸಿ ಗಟ್ಟಿ ಮಾಡಿದ್ದು. ಅಂಗಡಿಯ ಕಸ್ಟರ್ಡ್ ಪುಡಿ ಮುಖ್ಯವಾಗಿ ಮೆಕ್ಕೆಜೋಳದ ಹಿಟ್ಟು, ಅಂದರೆ ಕಾರ್ನ್‌ಫ್ಲೋರ್. ಅದಕ್ಕೆ ಬಣ್ಣ ಮತ್ತು ವೆನಿಲ್ಲಾ ಪರಿಮಳ ಸೇರಿಸಿರುತ್ತಾರೆ.

ಮೊಟ್ಟೆ ಇಲ್ಲದ ಕಸ್ಟರ್ಡ್ ಇತ್ತೀಚಿನದಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಔಷಧಿ ಅಂಗಡಿ ನಡೆಸುತ್ತಿದ್ದ ಆಲ್ಫ್ರೆಡ್ ಬರ್ಡ್ ಅವರ ಹೆಂಡತಿಗೆ ಮೊಟ್ಟೆ ಆಗುತ್ತಿರಲಿಲ್ಲ. ಅವರಿಗಾಗಿ 1837ರಲ್ಲಿ ಬರ್ಡ್ ಈ ಪುಡಿಯನ್ನು ತಯಾರಿಸಿದರು. ಪದರಕ್ಕೆ ಹಾಕುವ ಮಾರಿ ಬಿಸ್ಕತ್ ಬಂದದ್ದು 1874ರಲ್ಲಿ. ರಷ್ಯಾದ ರಾಜಕುಮಾರಿ ಮಾರಿಯಾ ಅಲೆಕ್ಸಾಂಡ್ರೋವ್ನಾ ಅವರ ಮದುವೆಯ ನೆನಪಿಗೆ ಲಂಡನ್ನಿನ ಪೀಕ್ ಫ್ರೀನ್ ಕಂಪನಿ ಅದನ್ನು ಮಾಡಿತು. ಈಗ ಇವೆರಡೂ ನಮ್ಮ ಬೀದಿಯ ಕಿರಾಣಿ ಅಂಗಡಿಯಲ್ಲೇ ಇವೆ. ಗೋವಾದವರು ಮಾರಿ ಬಿಸ್ಕತ್ತಿನ ಪುಡಿ ಮತ್ತು ಕ್ರೀಮಿನಿಂದ ಸೆರಾದುರಾ ಮಾಡುತ್ತಾರೆ. ಶ್ರೀಲಂಕಾದವರು ಚಾಕೊಲೇಟ್ ಬಿಸ್ಕತ್ ಪುಡ್ಡಿಂಗ್ ಮಾಡುತ್ತಾರೆ. ಬಗೆ ಬೇರೆಯಾದರೂ ಎಲ್ಲದರ ತತ್ವ ಒಂದೇ.

ಬೇಯಿಸದೆ ಕೇಕಿನಂತೆ ಆಗುವುದು ಹೇಗೆ?

ಇಲ್ಲಿ ಎರಡು ಕೆಲಸ ನಡೆಯುತ್ತವೆ. ಮೊದಲನೆಯದು ಒಲೆಯ ಮೇಲೆ. ಹಿಟ್ಟಿನ ಕಣಗಳು ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಹಾಲಿನ ನೀರನ್ನು ಹೀರಿ ಉಬ್ಬತೊಡಗುತ್ತವೆ. ಕುದಿಯ ಹತ್ತಿರ ಬಂದಾಗ ಮಿಶ್ರಣ ಗಟ್ಟಿಯಾಗುತ್ತದೆ. ಆರಿದಾಗ ಅದೇ ಮಿಶ್ರಣ ಇನ್ನಷ್ಟು ಬಿಗಿದು ನಿಲ್ಲುತ್ತದೆ.

ಎರಡನೆಯದು ಫ್ರಿಜ್ಜಿನಲ್ಲಿ. ಮಾರಿಯಂಥ ಬಿಸ್ಕತ್ತಿನಲ್ಲಿ ನೀರಿನಂಶ ಬಹಳ ಕಡಿಮೆ. ಅದು ಸುತ್ತಲಿನ ಕಸ್ಟರ್ಡಿನಿಂದ ತೇವವನ್ನು ನಿಧಾನವಾಗಿ ಎಳೆದುಕೊಂಡು ಮೆತ್ತಗಾಗುತ್ತದೆ. ತೇವ ಕಳೆದುಕೊಂಡ ಕಸ್ಟರ್ಡ್ ಮತ್ತೂ ಗಟ್ಟಿಯಾಗುತ್ತದೆ. ಇದಕ್ಕೆ ಕನಿಷ್ಠ 6 ಗಂಟೆ ಬೇಕು. ರಾತ್ರಿಯಿಡೀ ಬಿಟ್ಟರೆ ಚಾಕುವಿನಿಂದ ಕತ್ತರಿಸುವಷ್ಟು ಹದ ಬರುತ್ತದೆ. ಆದ್ದರಿಂದಲೇ ಇದನ್ನು ಅವಸರದಲ್ಲಿ ಮಾಡಬಾರದು.

ಏನೇನು ಬೇಕು?

ಈ ಅಳತೆ 20 ಜನರಿಗೆ. ಪಾತ್ರೆ 9 ಇಂಚು ಅಗಲ, 13 ಇಂಚು ಉದ್ದ, 2 ಇಂಚು ಆಳದ್ದು. ಗಾಜಿನದಾದರೆ ಪದರಗಳು ಕಾಣುತ್ತವೆ. ಅಂಚಿರುವ ಸ್ಟೀಲ್ ಟ್ರೇ ಕೂಡ ಆಗುತ್ತದೆ.

- ಹಾಲು: ಒಂದೂವರೆ ಲೀಟರ್. ಬಿಸ್ಕತ್ ಅದ್ದಲು ಬೇರೆ ಕಾಲು ಲೀಟರ್.
- ಕಸ್ಟರ್ಡ್ ಪುಡಿ: 90 ಗ್ರಾಂ, ಅಂದರೆ ಸುಮಾರು 9 ದೊಡ್ಡ ಚಮಚ.
- ಸಕ್ಕರೆ: 150 ಗ್ರಾಂ.
- ಮಾರಿ ಬಿಸ್ಕತ್: ಸುಮಾರು 60, ಅಂದರೆ 350ರಿಂದ 400 ಗ್ರಾಂ.
- ವಿಪ್ಪಿಂಗ್ ಕ್ರೀಮ್, ಅಂದರೆ ಕಡೆದರೆ ಉಬ್ಬುವ ಕ್ರೀಮ್: 250 ಮಿಲಿಲೀಟರ್.
- ಮೇಲೆ ಉದುರಿಸಲು ಕೋಕೋ ಪುಡಿ, ಹುರಿದ ಗೋಡಂಬಿ ಅಥವಾ ಬಾದಾಮಿ ಚೂರು.

ಯಾವ ಹಾಲು ಒಳ್ಳೆಯದು? ಟೋನ್ಡ್ ಹಾಲಿನಲ್ಲಿ ಕೊಬ್ಬಿನಂಶ ಶೇಕಡಾ 3, ಫುಲ್ ಕ್ರೀಮ್ ಹಾಲಿನಲ್ಲಿ ಶೇಕಡಾ 6. ಎರಡರಲ್ಲೂ ಕಸ್ಟರ್ಡ್ ಗಟ್ಟಿಯಾಗುತ್ತದೆ, ಏಕೆಂದರೆ ಗಟ್ಟಿ ಮಾಡುವುದು ಹಿಟ್ಟು. ಬಾಯಿಗೆ ನುಣುಪು ಬೇಕಿದ್ದರೆ ಮಾತ್ರ ಗಟ್ಟಿ ಹಾಲು ತನ್ನಿ.

ಕಸ್ಟರ್ಡ್ ಮಾಡುವ ಕ್ರಮ

ಒಂದು ಲೋಟ ತಣ್ಣನೆಯ ಹಾಲು ತೆಗೆದಿಟ್ಟುಕೊಂಡು ಕಸ್ಟರ್ಡ್ ಪುಡಿಯನ್ನು ಅದರಲ್ಲಿ ಕದಡಿ. ಬಿಸಿ ಹಾಲಿಗೆ ಪುಡಿ ನೇರವಾಗಿ ಹಾಕಬೇಡಿ. ಹಾಗೆ ಹಾಕಿದರೆ ಹೊರಗಿನ ಹಿಟ್ಟು ತಕ್ಷಣ ಬೆಂದು ಅಂಟಾಗುತ್ತದೆ, ಒಳಗಿನದು ಒಣಗಿಯೇ ಉಳಿದು ಗಂಟಾಗುತ್ತದೆ.

ಉಳಿದ ಹಾಲನ್ನು ದಪ್ಪ ತಳದ ಪಾತ್ರೆಯಲ್ಲಿ ಸಕ್ಕರೆಯೊಂದಿಗೆ ಕಾಯಿಸಿ. ಕುದಿ ಬಂದಾಗ ಉರಿ ಸಣ್ಣ ಮಾಡಿ. ಕದಡಿದ ಹಾಲನ್ನು ಮತ್ತೊಮ್ಮೆ ಕಲಕಿ, ಏಕೆಂದರೆ ಹಿಟ್ಟು ತಳಕ್ಕೆ ಇಳಿದಿರುತ್ತದೆ. ಈಗ ಒಂದು ಕೈಯಲ್ಲಿ ಸುರಿಯುತ್ತ, ಇನ್ನೊಂದು ಕೈಯಲ್ಲಿ ಸೌಟು ಆಡಿಸುತ್ತಲೇ ಇರಿ. ಕೈ ನಿಲ್ಲಿಸಿದರೆ ತಳ ಹಿಡಿಯುತ್ತದೆ.

ಒಂದೆರಡು ನಿಮಿಷದಲ್ಲೇ ಗಟ್ಟಿಯಾದಂತೆ ಕಾಣುತ್ತದೆ. ಹೆಚ್ಚಿನವರು ಇಲ್ಲೇ ಒಲೆ ಆರಿಸಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಗುಳ್ಳೆ ಬರುತ್ತಿರುವಾಗಲೇ ಸಣ್ಣ ಉರಿಯಲ್ಲಿ ಇನ್ನೂ 2 ನಿಮಿಷ ಕುದಿಸಿ. ಹಸಿ ಹಿಟ್ಟಿನ ವಾಸನೆ ಹೋಗುವುದು, ಮರುದಿನ ನೀರು ಬಿಡದೆ ನಿಲ್ಲುವುದು ಈ 2 ನಿಮಿಷದಿಂದ. ಇಳಿಸುವಾಗ ಕಸ್ಟರ್ಡ್ ಇಡ್ಲಿ ಹಿಟ್ಟಿನಷ್ಟು ದಪ್ಪ ಇರಲಿ.

ರುಚಿ ನೋಡಿ. ಬಿಸಿ ಇರುವಾಗ ಸಿಹಿ ಒಂದು ಗುಲಗಂಜಿ ಹೆಚ್ಚೇ ಅನಿಸಲಿ, ತಣ್ಣಗಾದ ಮೇಲೆ ನಾಲಿಗೆಗೆ ಅದು ಕಡಿಮೆ ತಿಳಿಯುತ್ತದೆ. ಆದರೆ ಬಾಯಿಗಿಟ್ಟ ಚಮಚವನ್ನು ಮತ್ತೆ ಪಾತ್ರೆಗೆ ಹಾಕಬೇಡಿ. ಎಂಜಲಿನಲ್ಲಿ ಅಮೈಲೇಸ್ ಎಂಬ ಕಿಣ್ವವಿದೆ. ಅದು ಹಿಟ್ಟನ್ನು ಒಡೆದು ಕಸ್ಟರ್ಡನ್ನು ನೀರಾಗಿಸುತ್ತದೆ.

ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಕಲಕುತ್ತಿರಿ. ಆಗ ಮೇಲೆ ಕೆನೆ ಕಟ್ಟುವುದಿಲ್ಲ. ಉಗುರುಬೆಚ್ಚಗೆ ಬಂದರೆ ಸಾಕು. ಪೂರ್ತಿ ತಣ್ಣಗಾಗಿ ಗಟ್ಟಿಯಾದದ್ದನ್ನು ಮತ್ತೆ ಕಲಕಿದರೆ ಬಿಗಿ ಒಡೆದು ಸಡಿಲವಾಗುತ್ತದೆ.

ಪದರ ಕಟ್ಟುವುದು

ಟ್ರೇಯ ತಳಕ್ಕೆ ಒಂದು ಸೌಟು ಕಸ್ಟರ್ಡ್ ಸವರಿ. ಹಾಗೆ ಮಾಡಿದರೆ ಬಿಸ್ಕತ್ ಜಾರುವುದಿಲ್ಲ. ಅದ್ದುವ ಹಾಲು ಕೋಣೆಯ ಬಿಸಿಯಲ್ಲಿರಲಿ. ಒಂದೊಂದೇ ಬಿಸ್ಕತ್ ಅದ್ದಿ ತಕ್ಷಣ ತೆಗೆಯಿರಿ, ಒಂದು ಸೆಕೆಂಡ್ ಸಾಕು. ಮುಟ್ಟಿದರೆ ಅದು ಇನ್ನೂ ಗಟ್ಟಿಯಾಗಿಯೇ ಇರಬೇಕು. ಉಳಿದ ತೇವವನ್ನು ಅದು ರಾತ್ರಿ ತಾನೇ ಎಳೆದುಕೊಳ್ಳುತ್ತದೆ.

ಒಂದು ಪದರಕ್ಕೆ ಸುಮಾರು 20 ಬಿಸ್ಕತ್ ಹಿಡಿಯುತ್ತವೆ. ಸಂದುಗಳಿಗೆ ಮುರಿದ ಚೂರು ತುಂಬಿ. ಅದರ ಮೇಲೆ ಕಸ್ಟರ್ಡಿನ ಮೂರನೇ ಒಂದು ಪಾಲು ಹರಡಿ. ಇದನ್ನೇ ಇನ್ನೆರಡು ಸಲ ಮಾಡಿ. ಬಿಸ್ಕತ್ ಜೋಡಿಸುವ ಕೆಲಸವನ್ನು ಮಕ್ಕಳಿಗೆ ಧೈರ್ಯವಾಗಿ ಕೊಡಬಹುದು, ಅದ್ದುವ ಕೆಲಸ ಮಾತ್ರ ನಿಮ್ಮ ಕೈಯಲ್ಲೇ ಇರಲಿ. ಬಿಸಿ ಪೂರ್ತಿ ಆರಿದ ಮೇಲೆ ಮುಚ್ಚಿ ಫ್ರಿಜ್ಜಿನಲ್ಲಿಡಿ. ಮುಚ್ಚದಿದ್ದರೆ ಒಳಗಿರುವ ಈರುಳ್ಳಿ, ಬೆಳ್ಳುಳ್ಳಿಯ ವಾಸನೆ ಇದಕ್ಕೆ ಹತ್ತುತ್ತದೆ.

ಕ್ರೀಮನ್ನು ಮರುದಿನ ಬೆಳಗ್ಗೆ ಹಚ್ಚಿ. ಕ್ರೀಮ್, ಪಾತ್ರೆ, ಕಡೆಯುವ ಸಾಧನ ಮೂರೂ ತಣ್ಣಗಿರಬೇಕು. 2 ಚಮಚ ಸಕ್ಕರೆ ಪುಡಿ ಹಾಕಿ ಕಡೆಯಿರಿ. ಗೆರೆ ಎಳೆದರೆ ಹಾಗೇ ನಿಲ್ಲುವ ಹಂತದಲ್ಲಿ ಬಿಟ್ಟುಬಿಡಿ, ಮುಂದುವರಿಸಿದರೆ ಬೆಣ್ಣೆಯಾಗುತ್ತದೆ. ಫ್ರೆಶ್ ಕ್ರೀಮ್ ಎಂದು ಮಾರುವ ಪ್ಯಾಕೆಟ್ಟಿನಲ್ಲಿ ಕೊಬ್ಬು ಶೇಕಡಾ 25ರ ಆಸುಪಾಸು. ಕಡೆದು ಉಬ್ಬಿಸಲು ಸುಮಾರು ಶೇಕಡಾ 30 ಆದರೂ ಬೇಕು. ಫ್ರೆಶ್ ಕ್ರೀಮ್ ಮಾತ್ರ ಸಿಕ್ಕಿದರೆ ತಣ್ಣಗೆ ಮಾಡಿ, ಸಕ್ಕರೆ ಪುಡಿ ಬೆರೆಸಿ ತೆಳುವಾಗಿ ಹರಡಿ. ಉಬ್ಬದಿದ್ದರೂ ರುಚಿ ಚೆನ್ನಾಗಿರುತ್ತದೆ.

ನಿಮಗೆ ಬರಬಹುದಾದ ಸಂದೇಹಗಳು

ಹಾಲಿನ ಬದಲು ಕಾಫಿಯಲ್ಲಿ ಅದ್ದಬಹುದೇ? ಖಂಡಿತ. ಫಿಲ್ಟರ್ ಡಿಕಾಕ್ಷನ್‌ಗೆ ಅಷ್ಟೇ ನೀರು, ಸ್ವಲ್ಪ ಸಕ್ಕರೆ ಸೇರಿಸಿ ಆರಿಸಿಕೊಳ್ಳಿ. ಅದರ ಕಹಿ ಕಸ್ಟರ್ಡಿನ ಸಿಹಿಗೆ ಒಪ್ಪುತ್ತದೆ. ಮಕ್ಕಳಿಗೆಂದು ಟ್ರೇಯ ಒಂದು ಭಾಗವನ್ನು ಹಾಲಿನಲ್ಲೇ ಮಾಡಿ.

ಬೇರೆ ಬಿಸ್ಕತ್ ಆಗುತ್ತದೆಯೇ? ಗ್ಲೂಕೋಸ್ ಬಿಸ್ಕತ್ ಬೇಗ ಕರಗುತ್ತದೆ, ಅದನ್ನು ಅದ್ದದೆ ಹಾಗೇ ಜೋಡಿಸಿ. ಕ್ರೀಮ್ ಬಿಸ್ಕತ್ ಬಳಸಿದರೆ ಸಕ್ಕರೆ 100 ಗ್ರಾಂ ಸಾಕು.

ಹಣ್ಣು ಹಾಕಬಹುದೇ? ಬಡಿಸುವಾಗ ಮೇಲೆ ಹಾಕಿ, ಪದರದ ನಡುವೆ ಬೇಡ. ಬಾಳೆಹಣ್ಣು ಕಪ್ಪಾಗುತ್ತದೆ, ಕಿತ್ತಳೆ, ದ್ರಾಕ್ಷಿ ನೀರು ಬಿಡುತ್ತವೆ. ಹಸಿ ಅನಾನಸಿನಲ್ಲಿರುವ ಬ್ರೊಮೆಲೈನ್ ಎಂಬ ಅಂಶ ಹಾಲಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತದೆ. ಸಕ್ಕರೆ ಹಾಕಿ ಚೆನ್ನಾಗಿ ಬೇಯಿಸಿ ಆರಿಸಿದರೆ ಆ ತೊಂದರೆ ಇಲ್ಲ.

ಕಸ್ಟರ್ಡ್ ತೆಳುವಾದರೆ? ಒಲೆಯ ಮೇಲಿರುವಾಗಲೇ ಗೊತ್ತಾದರೆ 2 ಚಮಚ ಪುಡಿಯನ್ನು ತಣ್ಣನೆಯ ಹಾಲಿನಲ್ಲಿ ಕದಡಿ ಸೇರಿಸಿ, ಮತ್ತೆ ಕುದಿಸಿ. ಟ್ರೇಗೆ ಹಾಕಿದ ಮೇಲೆ ಗೊತ್ತಾದರೆ ಚಿಂತೆ ಬೇಡ. ಕತ್ತರಿಸುವ ಬದಲು ಬಟ್ಟಲಿಗೆ ಹಾಕಿ ಚಮಚ ಕೊಡಿ.

ಸಸ್ಯಾಹಾರಿಗಳಿಗೆ ಒಪ್ಪುತ್ತದೆಯೇ? ಮೇಲಿನ ಅಳತೆಯಲ್ಲಿ ಜೆಲಾಟಿನ್ ಇಲ್ಲ. ಜೆಲಾಟಿನ್ ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವುದು. ಮೇಲೊಂದು ಜೆಲ್ಲಿ ಪದರ ಬೇಕಿದ್ದರೆ ಸಮುದ್ರದ ಪಾಚಿಯಿಂದ ಮಾಡುವ ಚೈನಾ ಗ್ರಾಸ್ ಬಳಸಿ. ಪ್ಯಾಕೆಟ್ಟುಗಳ ಮೇಲೆ ಹಸಿರು ಚುಕ್ಕಿ ಇದೆಯೇ ನೋಡಿಕೊಳ್ಳಿ. ಗೋಧಿ ಆಗದವರಿಗೆ ಮಾತ್ರ ಇದು ಬೇಡ, ಏಕೆಂದರೆ ಬಿಸ್ಕತ್ತಿನಲ್ಲಿ ಮೈದಾ ಇರುತ್ತದೆ. ಅವರಿಗೆಂದು ಬರೀ ಕಸ್ಟರ್ಡನ್ನು ಪುಟ್ಟ ಬಟ್ಟಲಿನಲ್ಲಿ ಮೊದಲೇ ತೆಗೆದಿಡಿ.

ಕೆಡದಂತೆ ನೋಡಿಕೊಳ್ಳಿ

ಇದು ಹಾಲಿನ ಪದಾರ್ಥ, ಈ ವಿಷಯದಲ್ಲಿ ಉದಾಸೀನ ಬೇಡ. 5ರಿಂದ 60 ಡಿಗ್ರಿ ನಡುವಿನ ಬಿಸಿಯಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಒಲೆಯಿಂದ ಇಳಿಸಿದ 2 ಗಂಟೆಯೊಳಗೆ ಟ್ರೇ ಫ್ರಿಜ್ಜಿಗೆ ಹೋಗಲಿ. ಹೊರಗೆ ತೆಗೆದ ಮೇಲೂ 2 ಗಂಟೆಯೇ ಮಿತಿ. ಏಪ್ರಿಲ್, ಮೇ ತಿಂಗಳ ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ಅದನ್ನು ಒಂದೇ ಗಂಟೆ ಎಂದುಕೊಳ್ಳಿ. ಉಳಿದದ್ದನ್ನು ಎರಡು ದಿನದೊಳಗೆ ಮುಗಿಸಿ. ರಾತ್ರಿ ಕರೆಂಟು ಹೋದರೆ ಫ್ರಿಜ್ಜಿನ ಬಾಗಿಲು ತೆರೆಯಬೇಡಿ, ಸುಮಾರು 4 ಗಂಟೆ ಒಳಗಿನ ತಂಪು ಉಳಿಯುತ್ತದೆ. ಬೇರೆಯವರ ಮನೆಗೆ ಒಯ್ಯುವುದಾದರೆ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಐಸ್ ಚೀಲಗಳ ನಡುವೆ ಇಡಿ.

ಖರ್ಚೆಷ್ಟು, ಸಾಮಾನು ಎಲ್ಲಿ?

ಹಾಲಿಗೆ ಸುಮಾರು 100 ರೂಪಾಯಿ, ಬಿಸ್ಕತ್ತಿಗೆ 60ರಿಂದ 80, ಕಸ್ಟರ್ಡ್ ಪುಡಿಗೆ 50, ಕ್ರೀಮಿಗೆ 70ರಿಂದ 100, ಸಕ್ಕರೆ, ಕೋಕೋ, ಗೋಡಂಬಿಗೆ 80ರಿಂದ 100. ಊರು, ಬ್ರ್ಯಾಂಡ್ ನೋಡಿ ಬೆಲೆ ಹೆಚ್ಚು ಕಡಿಮೆಯಾಗುತ್ತದೆ. ಒಟ್ಟಾರೆ 350ರಿಂದ 450 ರೂಪಾಯಿ ಎಂದಿಟ್ಟುಕೊಳ್ಳಿ. ಅಂದರೆ ತಲೆಗೆ 20 ರೂಪಾಯಿಯ ಆಸುಪಾಸು. ಕ್ರೀಮ್ ಬಿಟ್ಟು ಮೇಲೆ ಬಿಸ್ಕತ್ ಪುಡಿ ಉದುರಿಸಿದರೆ ಇನ್ನೂ ಅಗ್ಗ.

ಹಾಲಿಗೆ ನಂದಿನಿ ಬೂತ್, ಬಿಸ್ಕತ್ತು ಮತ್ತು ಕಸ್ಟರ್ಡ್ ಪುಡಿಗೆ ಕಿರಾಣಿ ಅಂಗಡಿ ಸಾಕು. ವಿಪ್ಪಿಂಗ್ ಕ್ರೀಮ್ ಎಲ್ಲ ಕಡೆ ಇರುವುದಿಲ್ಲ. ಸೂಪರ್ ಮಾರ್ಕೆಟ್ಟಿನ ಫ್ರಿಜ್ಜಿನಲ್ಲಿ ಅಥವಾ ಬೇಕರಿ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ. ದೊಡ್ಡ ಟ್ರೇ ಇಲ್ಲದವರು ಮುಚ್ಚಳವಿರುವ ಅಲ್ಯೂಮಿನಿಯಂ ಫಾಯಿಲ್ ಟ್ರೇ ಕೊಳ್ಳಬಹುದು. 50 ಜನರಿದ್ದರೆ ಎಲ್ಲ ಅಳತೆಯನ್ನೂ ಎರಡೂವರೆ ಪಟ್ಟು ಮಾಡಿ. ಆದರೆ ಹಾಲನ್ನು ಒಂದೇ ಪಾತ್ರೆಯಲ್ಲಿ ಕಾಯಿಸದೆ ಎರಡು ಸಲ ಮಾಡಿ, ಹೆಚ್ಚು ಹಾಲಿನಲ್ಲಿ ತಳ ಹಿಡಿದದ್ದು ಬೇಗ ತಿಳಿಯುವುದಿಲ್ಲ.

ಹೊತ್ತಿನ ಲೆಕ್ಕ

ಮಧ್ಯಾಹ್ನದ ಊಟಕ್ಕೆ ಬೇಕಿದ್ದರೆ ಹಿಂದಿನ ಸಂಜೆ 7ಕ್ಕೆ ಹಾಲು ಕಾಯಲಿಡಿ. 8ಕ್ಕೆ ಪದರ ಕಟ್ಟಿ, 9ರೊಳಗೆ ಫ್ರಿಜ್ಜಿನಲ್ಲಿಡಿ. ಬೆಳಗ್ಗೆ ಕಾಫಿ ಕುಡಿದ ಮೇಲೆ ಕ್ರೀಮ್ ಹಚ್ಚಿ ಮತ್ತೆ ಒಳಗಿಡಿ. ಎಲ್ಲರೂ ಊಟಕ್ಕೆ ಕೂತಾಗ ಹೊರಗೆ ತೆಗೆದು ಕೋಕೋ, ಗೋಡಂಬಿ ಉದುರಿಸಿ. ಚಾಕುವನ್ನು ಬಿಸಿ ನೀರಿನಲ್ಲಿ ಅದ್ದಿ ಒರೆಸಿಕೊಂಡು ಉದ್ದಕ್ಕೆ 5, ಅಡ್ಡಕ್ಕೆ 4 ಸಾಲು ಬರುವಂತೆ ಕತ್ತರಿಸಿದರೆ 20 ತುಂಡು ಸಿಗುತ್ತವೆ. ಮೊದಲ ತುಂಡು ಯಾವಾಗಲೂ ಸ್ವಲ್ಪ ಮುರಿಯುತ್ತದೆ, ಅದನ್ನು ಬಿಸ್ಕತ್ ಜೋಡಿಸಿದ ಮಕ್ಕಳಿಗೆ ಕೊಟ್ಟು ಉಳಿದವನ್ನು ಬಡಿಸಿ.